ಬೂದ ಋಷಿಯಲ್ಲ

ನನ್ನ ಅಪ್ಪನ ಹೆಸರು ತುಕ್ರ. ಶುಕ್ರವಾರ ಹುಟ್ಟಿದ್ದಕ್ಕೆ ತುಕ್ರ. ನಮ್ಮಲ್ಲಿ ಹೆಸರಿಡಲು ಪಂಚಾಂಗ ಬೇಡ, ವಾರ ಗೊತ್ತಿದ್ದರೆ ಸಾಕು. ಮಂಗಳವಾರ ಹುಟ್ಟಿದವನು ಅಂಗಾರ. ಬುಧವಾರದವನು ಬೂದ. ಗುರುವಾರದವನು ಗುರುವ. ನಾವು ಕೊರಗರು. ಹಿರಿಯಡ್ಕದಿಂದ ಮೂರು ಮೈಲಿ ಒಳಗೆ, ಕೆಳಂಜಿ ಎಂಬ ಊರಿನ ಹೊರಗೆ ನಮ್ಮ ಕೊಪ್ಪ. ಕೊಪ್ಪವೆಂದರೆ ಒಂಬತ್ತು ಗುಡಿಸಲು.

ಊರಿನ ಒಡೆಯರಾದ ಕೆಳಂಜಿಗುತ್ತಿನ ಮನೆಯವರಿಗೆ ನಮ್ಮ ಹೆಸರುಗಳು ಬೇಕಿರಲಿಲ್ಲ. ಹಗಲು "ಏ ಕೊರಗ" ಎಂದು ಕರೆಯುತ್ತಿದ್ದರು. ಕತ್ತಲಾದ ಮೇಲೆ ಅದೂ ಇಲ್ಲ. ಹೊತ್ತು ಮುಳುಗಿದ ಮೇಲೆ ನಮ್ಮ ಜಾತಿಯ ಹೆಸರು ನಾಲಗೆಗೆ ಬಂದರೆ ಮನೆಗೆ ಕೇಡು ಎಂದು ಅವರ ನಂಬಿಕೆ. ಅಪ್ಪ ನಲವತ್ತು ವರ್ಷ ಆ ಮನೆಯ ಕೊಟ್ಟಿಗೆ ತೊಳೆದ, ಸತ್ತ ದನ ಹೊತ್ತ, ಬುಟ್ಟಿ ಹೆಣೆದು ಕೊಟ್ಟ. ಒಂದು ಸಲವೂ ಆ ಮನೆಯ ಬಾಯಲ್ಲಿ ತುಕ್ರ ಎಂದು ಕೇಳಲಿಲ್ಲ.

ಸಾವಿರದ ಒಂಬೈನೂರ ತೊಂಬತ್ತೇಳನೇ ಇಸವಿ ಫೆಬ್ರವರಿಯಲ್ಲಿ ಗುತ್ತಿನ ಗದ್ದೆಯಲ್ಲಿ ಕಂಬಳ. ಕೋಣಗಳು ಓಡುವ ಮೊದಲು ಕೊರಗರು ಓಡಬೇಕು. ಕೆಸರಿನಲ್ಲಿ ಗಾಜು, ಮುಳ್ಳು ಇದ್ದರೆ ಕೋಣದ ಗೊರಸಿಗೆ ತಾಗಬಾರದು. ಅದಕ್ಕೇ ನಮ್ಮ ಕಾಲು. ಅಪ್ಪ ಓಡಿದ. ನಡುಗದ್ದೆಯಲ್ಲಿ ಬಾಟಲಿಯ ಚೂರು ಅಂಗಾಲಿಗೆ ಹೊಕ್ಕಿತು. ಅಪ್ಪ ಬಗ್ಗಿ ಚೂರನ್ನು ಕಿತ್ತು ದಂಡೆಗೆ ಎಸೆದು ಮತ್ತೆ ಓಡಿದ. ದಂಡೆಯ ಮೇಲಿದ್ದವರು ಚಪ್ಪಾಳೆ ತಟ್ಟಿದರು. ಆ ಸಲ ಗುತ್ತಿನ ಕೋಣಕ್ಕೆ ಚಿನ್ನದ ಪದಕ ಬಂತು.

ಒಂಬತ್ತನೇ ದಿನ ಅಪ್ಪನ ದವಡೆ ಕಚ್ಚಿಕೊಂಡಿತು. ಬೆನ್ನು ಬಿಲ್ಲಿನ ಹಾಗೆ ಬಾಗಿತು. ಅಪ್ಪೆ, ಎಂದರೆ ನನ್ನ ತಾಯಿ, ಗುತ್ತಿಗೆ ಓಡಿದಳು. ಅಂಗಳದಲ್ಲಿ ಜೀಪು ನಿಂತಿತ್ತು. ಜೀಪಿನಲ್ಲಿ ದೈವದ ಬೆಳ್ಳಿ ಸಾಮಾನು ಸಾಗಿಸುವುದುಂಟು, ಅದರಲ್ಲಿ ಇವನನ್ನು ಕೂರಿಸಲು ಆಗುವುದಿಲ್ಲ ಎಂದರು. ನಾವು ಕಂಬಳಿಗೆ ಬಿದಿರು ಕಟ್ಟಿ ಹೊತ್ತುಕೊಂಡು ಹೊರಟೆವು. ಹಿರಿಯಡ್ಕದ ಪೇಟೆ ಕಾಣುವ ಮೊದಲೇ ಅಪ್ಪ ಸತ್ತ. ನನಗೆ ಆಗ ಹದಿನೇಳು. ಒಂದು ಬಿದಿರಿನ ತುದಿ ನನ್ನ ಹೆಗಲ ಮೇಲಿತ್ತು.

ಅಪ್ಪೆಯ ಹೆಸರು ಬಾಗಿ. ಅವಳು ಗಟ್ಟಿಯಾಗಿ ಅಳಲಿಲ್ಲ. ಹದಿಮೂರನೇ ದಿನ ಕತ್ತಿ ತೆಗೆದುಕೊಂಡು ಬುಟ್ಟಿಗೆ ಬಳ್ಳಿ ಕಡಿಯಲು ಕಾಡಿಗೆ ಹೋದಳು.

ಮರುವರ್ಷ ಮೇ ತಿಂಗಳಲ್ಲಿ ಉಮಾನಾಥ ಮೇಷ್ಟ್ರು ಕೊಪ್ಪಕ್ಕೆ ಬಂದರು. ಅವರು ಗುತ್ತಿನ ಯಜಮಾನರು. ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ ನಿವೃತ್ತರಾಗಿದ್ದರು. ದೈವದ ಗಡಿ ಹಿಡಿದವರೂ ಅವರೇ. ಗಡಿ ಹಿಡಿದವರೆಂದರೆ ದೈವದ ಎದುರು ಇಡೀ ಊರಿನ ಪರವಾಗಿ ನಿಲ್ಲುವವರು. ಹಿಂದಿನಿಂದ ಅವರ ಅಕ್ಕನ ಮಗ ಜಿತೇಶ್ ಒಂದು ಕುರ್ಚಿ, ಒಂದು ಟೇಪ್ ರೆಕಾರ್ಡರ್ ಹೊತ್ತು ತಂದ. ಕೊಪ್ಪದ ಹೊರಗೆ, ಗೇರುಮರದ ನೆರಳಿನಲ್ಲಿ ಕುರ್ಚಿ ಹಾಕಿದರು. ಟೇಪ್ ರೆಕಾರ್ಡರನ್ನು ಒಂದು ಮರದ ಬೊಡ್ಡೆಯ ಮೇಲಿಟ್ಟು, ಜಿತೇಶ್ ಹತ್ತು ಹೆಜ್ಜೆ ಹಿಂದೆ ಸರಿದ.

"ಬಾಗಿ, ನಿಮ್ಮವರು ಅಬ್ಬೆಯ ಹಾಡು ಹಾಡುತ್ತೀರಲ್ಲ, ಅದನ್ನು ಪೂರ್ತಿ ಹಾಡು. ಎಷ್ಟು ದಿನ ಆದರೂ ಅಡ್ಡಿಯಿಲ್ಲ," ಎಂದರು ಮೇಷ್ಟ್ರು.

"ಎಂತಕ್ಕೆ ಧನಿ?"

"ಹಾಡು ಮಾರಾಯ್ತಿ. ಅದೆಲ್ಲ ನಿನಗೆ ಎಂತಕ್ಕೆ?"

ಅಬ್ಬೆ ಕೆಳಂಜಿಯ ದೇವರು. ಅವಳನ್ನು ಮೊದಲು ಕಂಡವರು ನಾವು. ನಮ್ಮ ಹಿರಿಯಳೊಬ್ಬಳು ಕಾಡಿನಲ್ಲಿ ಗೆಣಸು ಅಗೆಯುವಾಗ ಕತ್ತಿ ಕಲ್ಲಿಗೆ ತಾಗಿತು, ಕಲ್ಲಿನಿಂದ ರಕ್ತ ಬಂತು. ಅವಳು ಸೊಂಟಕ್ಕೆ ಕಟ್ಟಿದ್ದ ಸೊಪ್ಪು ಬಿಚ್ಚಿ ಕಲ್ಲಿನ ಗಾಯಕ್ಕೆ ಕಟ್ಟಿದಳು, ಬತ್ತಲೆ ನಿಂತು ಅತ್ತಳು. ಕಲ್ಲು ಬಾಯಿಬಿಟ್ಟಿತು. ಕಲ್ಲು ಹೇಳಿದ್ದೇ ನಮ್ಮ ಹಾಡು. ಆಮೇಲೆ ಗುತ್ತಿನವರು ಬಂದು ಕಲ್ಲಿಗೆ ಗುಡಿ ಕಟ್ಟಿದರು, ಗುಡಿಗೆ ಪಾಗಾರ ಹಾಕಿದರು. ನಾವು ಪಾಗಾರದ ಹೊರಗೆ ಉಳಿದೆವು. ಇದೂ ಹಾಡಿನಲ್ಲೇ ಉಂಟು.

ಅಪ್ಪೆ ಮೂರು ದಿನ ಹಾಡಿದಳು. ನಾನು ಪಿಯುಸಿ ಪರೀಕ್ಷೆ ಬರೆದು ಕೊಪ್ಪದಲ್ಲೇ ಇದ್ದೆ, ಪಕ್ಕದಲ್ಲಿ ಕೂತು ಕೇಳಿದೆ. ಹಾಡು ತುಳುವಿನಲ್ಲಿದೆ. ಪ್ರತಿ ಭಾಗದ ಕೊನೆಗೆ ಒಂದು ಪ್ರಶ್ನೆ ಬರುತ್ತದೆ. ಕಂಡವರು ಯಾರು, ಅಬ್ಬೆಯ ಕಂಡವರು ಯಾರು? ಅದಕ್ಕೆ ಉತ್ತರ, ಕಾಡಿನ ಮಕ್ಕಳು ನಾವು ಕಂಡೆವು. ನಾನು ಚಿಕ್ಕಂದಿನಿಂದ ಕೇಳಿದ್ದು ಹಾಗೆ. ಅಪ್ಪೆ ಅಂದು ಹಾಗೆ ಹಾಡಲಿಲ್ಲ.

ತುಕ್ರ ಕಂಡ, ಅಂಗಾರ ಕಂಡ. ಗುರುವ ಕಂಡ, ಬೂದ ಕಂಡ.

ನಾನು ಅವಳ ಮುಖ ನೋಡಿದೆ. ನನ್ನ ಅಪ್ಪ. ನನ್ನ ಮಾವ. ನನ್ನ ಅಜ್ಜ. ನನ್ನ ತಮ್ಮ. ನಾಲ್ವರೂ ಸತ್ತವರು. ಅಪ್ಪೆ ನೆಲ ನೋಡುತ್ತಾ ಹಾಡುತ್ತಿದ್ದಳು. ಮೇಷ್ಟ್ರು ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದರು. ಮೂರು ದಿನದಲ್ಲಿ ಆ ಸಾಲು ಇಪ್ಪತ್ತೆಂಟು ಸಲ ಬಂತು.

ಮೇಷ್ಟ್ರು ಹೋದ ಮೇಲೆ ಕೇಳಿದೆ. "ಹಾಡು ಬದಲು ಮಾಡಿದಿ ಯಾಕೆ?"

"ಗುತ್ತಿನಲ್ಲಿ ಇದನ್ನು ಪುಸ್ತಕ ಮಾಡುತ್ತಾರಂತೆ. ಬೆಳಿಗ್ಗೆ ಸ್ನಾನ ಮಾಡಿ ಓದುತ್ತಾರಂತೆ. ಜಿತೇಶ್ ಹೇಳಿದ." ಅಪ್ಪೆ ಬಳ್ಳಿಯನ್ನು ಸೀಳುತ್ತಿದ್ದಳು. "ಓದಲಿ. ಬದುಕಿದ್ದಾಗ ಕರೆಯಲಿಲ್ಲ. ಈಗ ಕೈ ಮುಗಿದು ಕರೆಯಲಿ."

ಪುಸ್ತಕ ಬಂದದ್ದು ತೊಂಬತ್ತೊಂಬತ್ತರಲ್ಲಿ, ಗುಡಿಯ ಬ್ರಹ್ಮಕಲಶದ ದಿವಸ. ಮುಂಬೈಯಿಂದ, ದುಬೈಯಿಂದ ಜನ ಬಂದಿದ್ದರು. ಪುಸ್ತಕದ ಹೆಸರು 'ಅಬ್ಬೆವಾಣಿ'. ಗುತ್ತಿನ ಅಟ್ಟದಲ್ಲಿ ಗೆದ್ದಲು ತಿಂದ ತಾಳೆಗರಿ ಸಿಕ್ಕಿತೆಂದೂ, ಅದರಲ್ಲಿದ್ದುದನ್ನು ತಾವು ಪ್ರತಿ ಮಾಡಿದ್ದೆಂದೂ ಉಮಾನಾಥ ಮೇಷ್ಟ್ರು ಮುನ್ನುಡಿ ಬರೆದಿದ್ದರು. ಅದು ಮನುಷ್ಯರು ಬರೆದದ್ದಲ್ಲವಂತೆ. ಅಬ್ಬೆ ತಾನಾಗಿ ನುಡಿದದ್ದಂತೆ. ಅಪೌರುಷೇಯ. ಒಂದೇ ವರ್ಷದಲ್ಲಿ ಅದು ಅಬ್ಬೆಯ ಭಕ್ತರಿಗೆ ವೇದವಾಯಿತು. ಕೈಗೆ ಹಳದಿ ನೂಲು ಕಟ್ಟಿಕೊಂಡು ದಿನವೂ ಪಾರಾಯಣ ಮಾಡಿದರು. ಅದನ್ನು ಮುಟ್ಟಿ ಆಣೆ ಹಾಕಿದರು. ನಮ್ಮದು ಬೇರೆಯೇ ಧರ್ಮ ಎಂದು ಹೇಳುವವರೂ ಹುಟ್ಟಿಕೊಂಡರು.

ಗುಡಿಯ ಮೈಕಿನಲ್ಲಿ ಬೆಳಿಗ್ಗೆ ಐದೂವರೆಗೆ ಪಾರಾಯಣ. ಮೊದಲ ದಿನ ಅಪ್ಪೆ ಗುಡಿಸಲಿನ ಹೊರಗೆ ನಿಂತು ಕಿವಿಗೊಟ್ಟಳು. ಸಾಲು ಬಂದಾಗ ಅವಳ ಮುಖದಲ್ಲಿ ನಗು ಬಂತು. ಆಮೇಲೆ ನಗು ನಿಂತಿತು.

"ಎಂತ ಹೇಳಿದರು ಈಗ? ತುಕ್ರ ಅಂದರಾ, ಶುಕ್ರ ಅಂದರಾ?"

ನಾನು ಪೇಟೆಗೆ ಹೋಗಿ ಪುಸ್ತಕ ತಂದು ಓದಿ ಹೇಳಿದೆ. ಶುಕ್ರ ಮಹರ್ಷಿ ಕಂಡ, ಅಂಗಿರಸ ಕಂಡ. ಗುರು ಬೃಹಸ್ಪತಿ ಕಂಡ, ಬುಧ ಮುನಿ ಕಂಡ. ಸೊಂಟದ ಸೊಪ್ಪು ಋಷಿಗಳ ನಾರುಮಡಿಯಾಗಿತ್ತು. ಬತ್ತಲೆ ನಿಂತು ಅತ್ತ ಹೆಂಗಸು ಪುಸ್ತಕದಲ್ಲಿ ಎಲ್ಲಿಯೂ ಇರಲಿಲ್ಲ.

ಅಪ್ಪೆ ಕೂತುಬಿಟ್ಟಳು. "ಸತ್ತವರನ್ನೂ ತೊಳೆದುಬಿಟ್ಟರಲ್ಲ," ಎಂದಳು.

ನಾನು ಕಂಪ್ಯೂಟರ್ ಕಲಿತು ಮಣಿಪಾಲದ ಒಂದು ಡಿಟಿಪಿ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದೆ. ಅಂಗಡಿ ಲಿಯೋನೆಲ್ ಎಂಬವರದು. ಕಾಲೇಜಿನ ಹುಡುಗರ ಪ್ರಾಜೆಕ್ಟು, ಮದುವೆ ಕಾಗದ, ಸ್ಮರಣ ಸಂಚಿಕೆ, ಯಾವುದು ಬಂದರೂ ಟೈಪು ಮಾಡುತ್ತಿದ್ದೆವು. ನನ್ನ ಹೆಸರು ಕುಶಲಾ. ಹೆಸರಿನಲ್ಲಿ ಜಾತಿ ಗೊತ್ತಾಗುವುದಿಲ್ಲ. ಲಿಯೋನೆಲ್‌ಗೆ ಗೊತ್ತಿತ್ತು, ಅವರು ಯಾರಿಗೂ ಹೇಳಿರಲಿಲ್ಲ. ಅದು ಒಳ್ಳೆಯತನವೋ ಅಂಗಡಿಯ ಹೆದರಿಕೆಯೋ, ನಾನು ಕೇಳಲಿಲ್ಲ.

ಎರಡು ಸಾವಿರದ ಎರಡರಲ್ಲಿ ಜಗಳ ಶುರುವಾಯಿತು. ಕಾರ್ಕಳದ ಗುಣಪಾಲ ಎಂಬ ನಿವೃತ್ತ ಪ್ರೊಫೆಸರು ಪತ್ರಿಕೆಯಲ್ಲಿ ಲೇಖನ ಬರೆದರು. 'ಅಬ್ಬೆವಾಣಿ' ದೇವರು ನುಡಿದದ್ದಲ್ಲ. ಶುಕ್ರ, ಗುರು, ಬುಧ, ಇವು ಗ್ರಹಗಳು; ಅಂಗಿರಸ ಎಂದಿರುವುದು ಅಂಗಾರಕ ಇರಬೇಕು. ಜ್ಯೋತಿಷ್ಯ ಬಲ್ಲ ಪಂಡಿತನೊಬ್ಬ ಬರೆದದ್ದು. ಅವನು ಐನೂರು ವರ್ಷದ ಹಿಂದೆ ಕಾರ್ಕಳದ ಅರಸರ ಆಶ್ರಯದಲ್ಲಿದ್ದ ಜೈನಮುನಿ. ಮರುವಾರ ಉಮಾನಾಥ ಮೇಷ್ಟ್ರು ಉತ್ತರ ಬರೆದರು. ಅವು ಗ್ರಹಗಳಲ್ಲ, ಋಷಿಗಳು. ಬುಧ ಮುನಿ ಸಾವಿರ ವರ್ಷ ತಪಸ್ಸು ಮಾಡಿ ಅಬ್ಬೆಯ ಮಾತು ಕೇಳಿಸಿಕೊಂಡ. ಹೀಗೆ ನಾಲ್ಕು ತಿಂಗಳು ನಡೆಯಿತು. ಕಾಪುವಿನಲ್ಲಿ ಭಕ್ತರು ಗುಣಪಾಲರ ಲೇಖನವನ್ನು ಸುಟ್ಟರಂತೆ. ಬಸ್ಸಿನಲ್ಲಿ ಜನ ಬುಧ ಋಷಿಯೋ ಗ್ರಹವೋ ಎಂದು ವಾದ ಮಾಡುವುದನ್ನು ನಾನೇ ಕೇಳಿದ್ದೇನೆ. ನಾನು ಕಿಟಕಿಯ ಹೊರಗೆ ನೋಡುತ್ತಿದ್ದೆ.

ಕೊನೆಗೆ ಉಡುಪಿಯ ಒಂದು ಸಭಾಭವನದಲ್ಲಿ ಇಬ್ಬರನ್ನೂ ಕೂರಿಸಿ ಚರ್ಚೆ ಮಾಡಿಸುವುದೆಂದಾಯಿತು. ನವೆಂಬರ್ ತಿಂಗಳಲ್ಲಿ. ಇಬ್ಬರ ಲೇಖನಗಳನ್ನೂ ಸೇರಿಸಿ ಒಂದು ಪುಸ್ತಕ ಮಾಡಿ ಬಾಗಿಲಲ್ಲಿ ಹಂಚುವುದು. ಆ ಕೆಲಸ ಲಿಯೋನೆಲ್ ಅವರ ಅಂಗಡಿಗೆ ಬಂತು.

ಜಿತೇಶ್ ಒಂದು ರಟ್ಟಿನ ಪೆಟ್ಟಿಗೆ ತಂದು ನನ್ನ ಮೇಜಿನ ಮೇಲಿಟ್ಟ. ಅವನು ನನ್ನನ್ನು ಕೊಪ್ಪದಲ್ಲಿ ಎಷ್ಟೋ ಸಲ ಕಂಡಿದ್ದ. ಗುರುತು ಹಿಡಿಯಲಿಲ್ಲ. ಚೂಡಿದಾರ ಹಾಕಿ ಕಂಪ್ಯೂಟರಿನ ಎದುರು ಕೂತ ಹುಡುಗಿ ಕೊರಗರವಳು ಆಗಿರಲಿಕ್ಕಿಲ್ಲ ಎಂದುಕೊಂಡಿರಬೇಕು. "ಮಾವನ ಕಾಗದ ಎಲ್ಲ ಇದರಲ್ಲಿ ಉಂಟು. ಬೇಕಾದ್ದು ನೋಡಿ ಟೈಪು ಮಾಡಿ," ಎಂದು ಹೋದ.

ಪೆಟ್ಟಿಗೆಯ ತಳದಲ್ಲಿ ಒಂದು ನೋಟುಪುಸ್ತಕವಿತ್ತು. ಬಿಡಿಸಿದೆ. ಮೊದಲ ಪುಟದ ಮೇಲೆ ಮೇಷ್ಟ್ರ ಅಕ್ಷರದಲ್ಲಿ ಹೀಗಿತ್ತು: 'ಕೊರಗರ ಹೆಂಗಸು ಹಾಡಿದ್ದು. ಮೇ 1998.' ಕೆಳಗೆ ಅಪ್ಪೆಯ ಹಾಡು. ನೀಲಿ ಶಾಯಿಯಲ್ಲಿ ತುಕ್ರ ಎಂದು ಬರೆದಿತ್ತು. ಅದನ್ನು ಕೆಂಪು ಶಾಯಿಯಲ್ಲಿ ಹೊಡೆದುಹಾಕಿ ಮೇಲೆ ಶುಕ್ರ ಎಂದು ಬರೆದಿತ್ತು. ಅಂಗಾರ ಹೊಡೆದು ಅಂಗಿರಸ. ಗುರುವ ಹೊಡೆದು ಗುರು. ಬೂದ ಹೊಡೆದು ಬುಧ. ಪರೀಕ್ಷೆಯ ಕಾಗದ ತಿದ್ದಿದ ಹಾಗೆ ಅಂಚಿನಲ್ಲಿ ಒಂದು ಗುರುತೂ ಇತ್ತು.

ನಾನು ಆ ಪುಟವನ್ನು ಜೆರಾಕ್ಸ್ ಯಂತ್ರದ ಮೇಲಿಟ್ಟೆ. ಲಿಯೋನೆಲ್ ಬಂದು ನಿಂತರು. ಪುಟವನ್ನು ಓದಿದರು. ನನ್ನ ಅಪ್ಪನ ಹೆಸರು ಅವರಿಗೆ ಗೊತ್ತಿತ್ತು.

"ಎಷ್ಟು ಪ್ರತಿ?"

"ಪುಸ್ತಕ ಮುನ್ನೂರು ಅಲ್ವಾ? ಮುನ್ನೂರು."

ಅವರು ಗಡ್ಡ ಕೆರೆದುಕೊಂಡರು. "ನಾನು ಊಟಕ್ಕೆ ಹೋಗಿ ಬರುತ್ತೇನೆ. ಒಂದು ಗಂಟೆ ಆದೀತು. ನಾನು ಎಂತದೂ ನೋಡಲಿಲ್ಲ, ತಿಳೀತಾ?"

ಪುಸ್ತಕಗಳು ಬೈಂಡಾಗಿ ಬಂದ ಮೇಲೆ ಒಂದೊಂದರ ನಡುವೆಯೂ ಒಂದೊಂದು ಹಾಳೆ ಸೇರಿಸಿದೆ. ಮುನ್ನೂರು ಸಲ. ಬೆರಳ ತುದಿ ಕಾಗದಕ್ಕೆ ಕೊಯ್ದು ರಕ್ತ ಬಂತು. ಒರೆಸಿಕೊಂಡು ಸೇರಿಸಿದೆ.

ಚರ್ಚೆಯ ಹಿಂದಿನ ದಿನ ಜಿತೇಶ್ ಕೊಪ್ಪಕ್ಕೆ ಬಂದ. ಭವನದ ಬಾಗಿಲಿನಿಂದ ವೇದಿಕೆಯವರೆಗೆ 'ಅಬ್ಬೆವಾಣಿ'ಯನ್ನು ಮೆರವಣಿಗೆಯಲ್ಲಿ ತರುವುದುಂಟು, ಡೋಲು ಬಡಿಯಲು ನಾಲ್ಕು ಗಂಡಸರು, ಕುಣಿಯಲು ಇಬ್ಬರು ಹೆಂಗಸರು ಬೇಕು ಎಂದ.

"ಅಜಲು ಮಾಡಿಸಬಾರದೆಂದು ಕಾನೂನು ಬಂದಿದೆ," ಎಂದೆ ನಾನು ಗುಡಿಸಲಿನೊಳಗಿಂದ. ಅಜಲು ಎಂದರೆ ನಮ್ಮಿಂದ ತಲೆತಲಾಂತರ ಮಾಡಿಸಿದ ಬಿಟ್ಟಿ ಸೇವೆ.

"ಇದು ಅಜಲು ಅಲ್ಲ ಮಾರಾಯ್ತಿ, ಜಾನಪದ ಕಲೆ. ಊಟ ಉಂಟು. ಹಿಂದೆ ಅಂಗಳದಲ್ಲಿ ಬೇರೆ ವ್ಯವಸ್ಥೆ ಮಾಡಿದ್ದೇವೆ."

ಅಪ್ಪೆ, "ಬರುತ್ತೇವೆ," ಎಂದಳು. ನಾನು ತಿರುಗಿ ನೋಡಿದೆ. ಅವಳು ನನ್ನ ಕಡೆ ನೋಡಲಿಲ್ಲ.

ಮರುದಿನ ನಮ್ಮವರು ಭವನದ ಗೇಟಿನ ಹೊರಗೆ ಡೋಲು ಹಿಡಿದು ನಿಂತರು. ನಾನು ಬಾಗಿಲಲ್ಲಿ ಪುಸ್ತಕ ಹಂಚುತ್ತಿದ್ದೆ. ರೇಷ್ಮೆಸೀರೆಗಳು, ಜರಿಯ ಶಾಲುಗಳು. ಮೂರು ವರ್ಷದಿಂದ ನನ್ನ ಅಪ್ಪನ ಹೆಸರನ್ನು ತಿದ್ದಿ ಹೇಳಿದ ಬಾಯಿಗಳು ನನ್ನ ಕೈಯಿಂದ ಪುಸ್ತಕ ತೆಗೆದುಕೊಂಡು ಥ್ಯಾಂಕ್ಸ್ ಎಂದವು. ಮೇಷ್ಟ್ರು ಬೆಳ್ಳಿಯ ತಟ್ಟೆಯಲ್ಲಿ 'ಅಬ್ಬೆವಾಣಿ'ಯನ್ನಿಟ್ಟು ತಲೆಯ ಮೇಲೆ ಹೊತ್ತರು.

"ಬಡಿಯಿರಿ," ಎಂದ ಜಿತೇಶ್.

ಅಪ್ಪೆ ಡೋಲಿನವರ ಮುಂದೆ ಬಂದಳು. "ಕೆಳಗಿಡಿ," ಎಂದಳು.

ನಾಲ್ಕೂ ಡೋಲುಗಳು ನೆಲಕ್ಕೆ ಬಂದವು.

"ಎಂತ ಇದು? ಜನ ಕಾಯುತ್ತಿದ್ದಾರೆ."

"ಬಡಿಯುವುದಿಲ್ಲ."

"ಬಡಿಯಲಿಕ್ಕಲ್ಲವಾ ಬಂದದ್ದು?"

"ಕೇಳಲಿಕ್ಕೆ ಬಂದದ್ದು."

ಅವಳು ಮೆರವಣಿಗೆಗೆ ಹಾಸಿದ ಕೆಂಪು ಬಟ್ಟೆಯ ಮೇಲೆ ಬರಿಗಾಲಿನಲ್ಲಿ ನಡೆದು ಒಳಗೆ ಹೋದಳು. ನಮ್ಮ ಐವರೂ ಹಿಂದೆ ಹೋದರು. ಅಪ್ಪೆ ಮೊದಲ ಸಾಲಿನಲ್ಲಿ ಕೂತಳು. ಆ ಸಾಲಿನಲ್ಲಿ ಮೊದಲೇ ಕೂತಿದ್ದವರು ಎದ್ದು ಗೋಡೆಯ ಹತ್ತಿರ ನಿಂತರು. ಡೋಲಿಲ್ಲದೆ ಮೆರವಣಿಗೆ ಒಳಗೆ ಬಂತು. ಪೊಲೀಸರು ಇದ್ದರು, ಕಾನೂನು ಹೊಸದು. ಯಾರೂ ಅವಳನ್ನು ಎಬ್ಬಿಸಲಿಲ್ಲ.

ಮೇಷ್ಟ್ರು ಮುಕ್ಕಾಲು ಗಂಟೆ ಮಾತಾಡಿದರು. ಅಬ್ಬೆಯ ಮಾತಿಗೆ ಕರ್ತೃವಿಲ್ಲ ಎಂದರು. ಬುಧ ಮುನಿಯ ಜಟೆ, ಬುಧ ಮುನಿಯ ಉಪವಾಸ. ಆಮೇಲೆ ಗುಣಪಾಲರು ಎದ್ದರು. ಬಿಳಿ ಕೂದಲು, ತೆಳ್ಳನೆಯ ಮನುಷ್ಯ. "ಬುಧ ಒಂದು ಗ್ರಹ. ನಲವತ್ತೊಂದನೇ ಪುಟ ನೋಡಿ," ಎಂದು ಪುಸ್ತಕ ಬಿಡಿಸಿದರು. ಹಾಳೆ ಕೆಳಗೆ ಬಿತ್ತು. ಅವರು ಹೆಕ್ಕಿಕೊಂಡರು, ಕನ್ನಡಕ ಸರಿ ಮಾಡಿಕೊಂಡು ಓದಿದರು, ಮತ್ತೊಮ್ಮೆ ಓದಿದರು. ಭವನದ ತುಂಬ ಪುಸ್ತಕ ಬಿಡಿಸುವ ಸದ್ದು.

"ಉಮಾನಾಥರೇ, ಇದು ನಿಮ್ಮ ಕೈಬರಹ ಅಲ್ವಾ?"

ಮೇಷ್ಟ್ರು ತಮ್ಮ ಪ್ರತಿಯಲ್ಲಿದ್ದ ಹಾಳೆಯನ್ನು ತೆಗೆದು ನೋಡಿದರು. ಮಡಚಿ ಜುಬ್ಬಾದ ಕಿಸೆಗೆ ಹಾಕಿಕೊಂಡರು. "ಅದು... ಕೆಲವು ಪಾಠಾಂತರಗಳನ್ನು ನಾನು ಸಂಗ್ರಹಿಸಿದ್ದೆ."

"ಕೊರಗರ ಹೆಂಗಸು ಹಾಡಿದ್ದು ಅಂತ ಉಂಟಲ್ಲ. ಯಾರು ಈ ಹೆಂಗಸು?"

ಅಪ್ಪೆ ಎದ್ದು ನಿಂತಳು. "ನಾನು."

ಅವಳಿಗೆ ಮೈಕು ಯಾರೂ ಕೊಡಲಿಲ್ಲ. ಬೇಕಾಗಲೂ ಇಲ್ಲ. ಕಾಡಿನಲ್ಲಿ ಒಂದು ಗುಡ್ಡದಿಂದ ಇನ್ನೊಂದು ಗುಡ್ಡಕ್ಕೆ ಕೂಗುವ ಗಂಟಲು ಅದು. ಜನರ ಕಡೆ ತಿರುಗಿ ಹಾಡಿದಳು. ಪೂರ್ತಿ ಅಲ್ಲ, ಒಂದೇ ಭಾಗ. ಸೊಪ್ಪು ಬಿಚ್ಚಿದ್ದು, ಗಾಯಕ್ಕೆ ಕಟ್ಟಿದ್ದು, ಬತ್ತಲೆ ನಿಂತದ್ದು. ಕಂಡವರು ಯಾರು ಎಂದು ಕೇಳಿ, ಉತ್ತರವನ್ನು ಹಾಡದೆ ಮಾತಿನಲ್ಲಿ ಹೇಳಿದಳು.

"ತುಕ್ರ ನನ್ನ ಗಂಡ. ಇವರ ಕೋಣದ ಮುಂದೆ ಓಡಿ ಕಾಲಿಗೆ ಗಾಜು ಹೊಕ್ಕು ಸತ್ತ. ಅಂಗಾರ ನನ್ನ ಅಣ್ಣ. ಮಣಿಪಾಲದಲ್ಲಿ ಕಕ್ಕಸಿನ ಗುಂಡಿಗೆ ಇಳಿದ, ಮೇಲೆ ಬರಲಿಲ್ಲ. ಗುರುವ ನನ್ನ ಅಪ್ಪ. ಗುತ್ತಿನ ಸತ್ತ ಎಮ್ಮೆ ಎಳೆಯುವಾಗ ಬೆನ್ನು ಮುರಿಯಿತು, ಆರು ವರ್ಷ ಮಲಗಿದ್ದಲ್ಲೇ ಇದ್ದ." ವೇದಿಕೆಯ ಕಡೆ ತಿರುಗಿದಳು. "ಬೂದ ಋಷಿಯಲ್ಲ. ಗ್ರಹವೂ ಅಲ್ಲ. ನನ್ನ ಮಗ. ನಾಲ್ಕು ತಿಂಗಳು ಬದುಕಿದ. ಹಲ್ಲು ಬಂದಿರಲಿಲ್ಲ. ನನ್ನ ಎದೆಯಲ್ಲಿ ಹಾಲಿರಲಿಲ್ಲ, ಉಪವಾಸ ಮಾಡಿದ್ದು ಹೌದು."

ಅಪ್ಪೆ ಮತ್ತೆ ಜನರ ಕಡೆ ತಿರುಗಿದಳು.

"ಈ ನಾಲ್ಕು ಹೆಸರು ನಾನು ಬೇಕೆಂದೇ ಹಾಕಿದ್ದು. ನಿಮ್ಮ ಬಾಯಲ್ಲಿ ಬರಲಿ ಎಂದು. ಇವರು ತೊಳೆದು ಹಾಕಿದರು. ಆದರೂ ನೀವು ಕೈ ಮುಗಿದದ್ದು ಅವರಿಗೇ."

"ಸುಳ್ಳು," ಎಂದರು ಮೇಷ್ಟ್ರು. "ಅಕ್ಷರ ಬಾರದ ಹೆಂಗಸು ಇದು. ಇದಕ್ಕೆ ಎಂತ ಗೊತ್ತುಂಟು?"

ಗುಣಪಾಲರ ಮುಖದಲ್ಲಿ ಗೆದ್ದವರ ಕಳೆಯಿತ್ತು. ವೇದಿಕೆಯಿಂದ ಬಗ್ಗಿ ಕೇಳಿದರು, "ಅಮ್ಮಾ, ನಿಮ್ಮ ಹಿರಿಯರಿಗೆ ಈ ಹಾಡು ಕಲಿಸಿದ್ದು ಯಾರು? ಹಿಂದೆ ಯಾರೋ ಮುನಿಗಳು ಕಾಡಿಗೆ ಬಂದು ಹೇಳಿಕೊಟ್ಟರು ಅಂತ ಎಂತಾದರೂ ನೆನಪು ಉಂಟಾ?"

"ನನಗೆ ನನ್ನ ಅಪ್ಪೆ ಕಲಿಸಿದ್ದು. ಅವಳಿಗೆ ಅವಳ ಅಪ್ಪೆ. ನಿಮ್ಮ ಮುನಿ ನಮ್ಮ ಕೊಪ್ಪಕ್ಕೆ ಬಂದಿದ್ದರೆ ಅವರಿಗೆ ಮೈಲಿಗೆ ಆಗುತ್ತಿರಲಿಲ್ವಾ?"

ಗುಣಪಾಲರು ಕೂತರು.

ಮೂರನೇ ಸಾಲಿನಿಂದ ಒಬ್ಬರು ಮುದುಕಿ ಎದ್ದರು. ಮುಂಬೈಯಿಂದ ಬಂದವರು, ಕೈಯಲ್ಲಿ ದಪ್ಪ ಹಳದಿ ನೂಲು. "ಹಾಗಾದರೆ ನಾನು ಮೂರು ವರ್ಷ ಮಿಂದು ಮಡಿಯುಟ್ಟು ಹೇಳಿದ್ದು ಇವರ ಹೆಸರಾ?" ಅವರು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಹೊರಗೆ ಹೋದರು. ಕೈ ತೊಳೆಯುವ ನಲ್ಲಿಯ ಹತ್ತಿರ ಬಗ್ಗಿ ಬಾಯಿ ಮುಕ್ಕಳಿಸಿದರು. ಅವರ ಹಿಂದೆ ಸೊಸೆ ಹೋದಳು. ಆಮೇಲೆ ಇನ್ನೊಬ್ಬರು. ಹತ್ತು ನಿಮಿಷದಲ್ಲಿ ನಲ್ಲಿಯ ಎದುರು ಸಾಲು ಬೆಳೆಯಿತು. ಗಂಡಸರು, ಹೆಂಗಸರು, ಪೇಟೆಯ ವಕೀಲರು, ಬ್ಯಾಂಕಿನ ಮ್ಯಾನೇಜರು. ಉಗುಳುವ ಸದ್ದು, ಗಂಟಲು ಗೊರಗೊರ ಮಾಡುವ ಸದ್ದು. ಎಲ್ಲರೂ ಹೋಗಲಿಲ್ಲ. ಕೆಲವರು ಕೂತಲ್ಲೇ ತಲೆ ತಗ್ಗಿಸಿದ್ದರು. ಕಾಲೇಜಿನ ಹುಡುಗಿಯೊಬ್ಬಳು ತನ್ನ ಕೈಯ ನೂಲನ್ನು ಹಲ್ಲಿನಿಂದ ಕಡಿದು ಹಾಕಿದಳು. ಆದರೆ ಸಾಲು ಉದ್ದವಿತ್ತು.

ಅಪ್ಪೆ ಹೊರಗೆ ಬಂದು ಸಾಲಿನ ಪಕ್ಕದಲ್ಲಿ ನಿಂತಳು. ಸೊಂಟಕ್ಕೆ ಕೈಯಿಟ್ಟು ಒಬ್ಬೊಬ್ಬರನ್ನೇ ನೋಡಿದಳು.

"ಚೆನ್ನಾಗಿ ಉಜ್ಜಿ," ಎಂದಳು. "ಉಜ್ಜಿದರೆ ಹೋಗುವುದಿಲ್ಲ. ಬಾಯಿಪಾಠ ಆದದ್ದು ಹೊಟ್ಟೆಯಲ್ಲಿ ಉಂಟು."

ಯಾರೂ ತಲೆ ಎತ್ತಲಿಲ್ಲ. ನನಗೆ ಖುಷಿಯಾಯಿತು. ಅದನ್ನು ಮುಚ್ಚಿಡುವುದಿಲ್ಲ. ಇನ್ನಷ್ಟು ಜನ ಬರಲಿ, ಟ್ಯಾಂಕಿಯ ನೀರು ಖಾಲಿಯಾಗಲಿ ಎಂದುಕೊಂಡೆ.

ಮರುದಿನದ ಪತ್ರಿಕೆಯಲ್ಲಿ ಸಣ್ಣ ಸುದ್ದಿ ಬಂತು. 'ಚರ್ಚಾಗೋಷ್ಠಿಯಲ್ಲಿ ಗೊಂದಲ.' ಗುಣಪಾಲರು ಆಮೇಲೆ ಮೂರು ಲೇಖನ ಬರೆದರು, ಮೂರರಲ್ಲೂ 'ಓರ್ವ ಕೊರಗ ಮಹಿಳೆ' ಎಂದೇ ಬರೆದರು. ಹೆಸರು ಬರೆಯಲಿಲ್ಲ. ಲಿಯೋನೆಲ್ ಅವರ ಅಂಗಡಿಗೆ ಭಕ್ತರು ಬಂದು ಗಾಜು ಒಡೆದರು. ಅವರು ನನ್ನನ್ನು ಕರೆದು, "ಕುಶಲಾ, ನನಗೆ ಎರಡು ಮಕ್ಕಳುಂಟು," ಎಂದರು. ನಾನು ನನ್ನ ಟಿಫಿನ್ ಡಬ್ಬಿ ತೆಗೆದುಕೊಂಡು ಬಂದೆ. ಕೊಪ್ಪದಿಂದ ರಸ್ತೆಗೆ ಹೋಗುವ ದಾರಿಗೆ ಗುತ್ತಿನವರು ತಂತಿಬೇಲಿ ಹಾಕಿದರು. ನಮ್ಮವರು ನೀರಿಗೆ ಗುಡ್ಡ ಸುತ್ತಿ ಹೋಗಬೇಕಾಯಿತು. ಕೊಪ್ಪದಲ್ಲೇ ಕೆಲವರು ಅಪ್ಪೆಯನ್ನು ಬೈದರು. ಅಪ್ಪೆ ಬೈಸಿಕೊಂಡಳು, ಅವರ ಕೊಡಗಳನ್ನೂ ಹೊತ್ತಳು.

ಗುತ್ತಿಗೂ ಸುಖವಿರಲಿಲ್ಲ. ಪಾರಾಯಣ ನಿಂತುಹೋಯಿತು. ಮುಂಬೈಯವರು, ದುಬೈಯವರು ಪುಸ್ತಕದ ಮೂಲ ಯಾವುದೆಂದು ಕಾಗದ ಬರೆದು ಕೇಳಿದರು. ತಾಳೆಗರಿ ತೋರಿಸಿ ಎಂದರು. ತೋರಿಸಲು ತಾಳೆಗರಿ ಇರಲಿಲ್ಲ.

ಡಿಸೆಂಬರ್ ಕೊನೆಗೆ ಒಂದು ಮಧ್ಯಾಹ್ನ ಉಮಾನಾಥ ಮೇಷ್ಟ್ರು ಕೊಪ್ಪಕ್ಕೆ ಬಂದರು. ಜೀಪನ್ನು ಜಿತೇಶ್ ಬೇಲಿಯ ಆಚೆ ನಿಲ್ಲಿಸಿ, ಬಾನೆಟ್ಟಿಗೆ ಒರಗಿ ನಿಂತ. ಈ ಸಲ ಕುರ್ಚಿ ತಂದಿರಲಿಲ್ಲ. ಮೇಷ್ಟ್ರು ಬಾಗಿಲವರೆಗೂ ಬಂದರು. ಒಂದು ತಿಂಗಳಲ್ಲಿ ಮುದುಕರಾಗಿದ್ದರು. ಕೈಯಲ್ಲಿ ಟೈಪು ಮಾಡಿಸಿದ ಕಾಗದವಿತ್ತು.

"ಬಾಗಿ, ನೀನು ಒಂದು ಹೆಬ್ಬೆಟ್ಟು ಒತ್ತಬೇಕು. ಗುತ್ತಿನ ಹಿರಿಯರು ತಾಳೆಗರಿ ಓದುವುದನ್ನು ಹೊರಗೆ ನಿಂತು ಕೇಳಿ ನಿಮ್ಮವರು ಈ ಹಾಡು ಕಲಿತದ್ದು ಅಂತ. ಅಷ್ಟೇ. ಬೇಲಿ ನಾಳೆಯೇ ತೆಗೆಸುತ್ತೇನೆ. ಕೊಪ್ಪದ ಜಾಗ ನಿಮ್ಮ ಹೆಸರಿಗೆ ಮಾಡಿಸಿಕೊಡುತ್ತೇನೆ."

ಅಪ್ಪೆ ಒಲೆಯ ಹತ್ತಿರ ಇದ್ದಳು. ಗಂಜಿ ಬಸಿಯುತ್ತಿದ್ದಳು. "ಹೊಟ್ಟೆ ಹಸಿದು ಬಂದಿದ್ದೀರಿ ಧನಿ. ಮೊದಲು ಊಟ ಮಾಡಿ. ಮತ್ತೆ ಮಾತು."

ಗಡಿ ಹಿಡಿದವರಿಗೆ ಕಟ್ಟಳೆಗಳುಂಟು. ಅವರು ಹೋಟೆಲಿನಲ್ಲಿ ಉಣ್ಣುವಂತಿಲ್ಲ, ಬೇರೆ ಜಾತಿಯವರ ಮನೆಯಲ್ಲಿ ನೀರು ಕುಡಿಯುವಂತಿಲ್ಲ. ಅಪ್ಪೆಗೆ ಅದು ಗೊತ್ತಿತ್ತು. ಊರಿಗೆಲ್ಲ ಗೊತ್ತಿತ್ತು. ಅವಳು ಚಾಪೆ ಹಾಸಿದಳು. ತಟ್ಟೆ ಇಟ್ಟಳು. ಮೇಷ್ಟ್ರು ಹೊರಗೆ ನೋಡಿದರು. ಜಿತೇಶ್ ಆ ಕಡೆ ಮುಖ ಮಾಡಿ ಬೀಡಿ ಹಚ್ಚುತ್ತಿದ್ದ. ಅವರು ತಲೆ ಬಗ್ಗಿಸಿ ಒಳಗೆ ಬಂದು ಕೂತರು.

ಆ ಮನೆತನದ ಗರ್ಭಿಣಿಯರ ಕೂದಲು, ಉಗುರು ಕಲಸಿದ ಅನ್ನವನ್ನು ನಾನು ಏಳನೇ ವಯಸ್ಸಿನಲ್ಲಿ ತಿಂದಿದ್ದೇನೆ. ಹುಟ್ಟುವ ಮಗುವಿನ ದೋಷ ನಮ್ಮ ಹೊಟ್ಟೆಗೆ ಹೋಗಲಿ ಎಂದು ತಿನ್ನಿಸುತ್ತಿದ್ದರು. ಕೂದಲು ಗಂಟಲಿಗೆ ಸಿಕ್ಕಿ ಕೆಮ್ಮಿದ್ದಕ್ಕೆ ಬೆತ್ತದ ಏಟು ಬಿದ್ದಿತ್ತು. ಅಪ್ಪೆ ಬಡಿಸಿದ ತಟ್ಟೆಯಲ್ಲಿ ಅದೇನೂ ಇರಲಿಲ್ಲ. ಕುಚ್ಚಲಕ್ಕಿ ಅನ್ನ, ಒಣಮೀನಿನ ಚಟ್ನಿ. ಚೊಕ್ಕ ಅನ್ನ.

ಮೇಷ್ಟ್ರು ಬೆರಳಿನಿಂದ ಅನ್ನ ಮುಟ್ಟಿದರು. ತುತ್ತು ಬಾಯಿಗೆ ಹೋಗಲು ತುಂಬ ಹೊತ್ತು ಹಿಡಿಯಿತು. ಅಗಿಯದೆ ನುಂಗಿದರು. ಕಣ್ಣಲ್ಲಿ ನೀರಿತ್ತು. ಅಪ್ಪೆ ಎದುರು ಕೂತು ನೋಡಿದಳು. ಮತ್ತೊಂದು ಸೌಟು ಬಡಿಸಿದಳು. ಅದನ್ನೂ ಉಂಡರು. ತಟ್ಟೆ ಖಾಲಿಯಾಯಿತು.

ಅವರು ಕೈ ತೊಳೆದು ಕಾಗದ ಬಿಡಿಸಿ ನೆಲದ ಮೇಲಿಟ್ಟರು. ಶಾಯಿಯ ಡಬ್ಬಿ ತೆರೆದರು.

"ಇಲ್ಲ," ಎಂದಳು ಅಪ್ಪೆ.

"ಊಟ ಮಾಡಿದೆನಲ್ಲ."

"ಊಟ ಮಾಡಿ ಎಂದೆ. ಒತ್ತುತ್ತೇನೆ ಎಂದಿರಲಿಲ್ಲ. ಸತ್ತವರ ಮೇಲೆ ನಾನು ಸುಳ್ಳು ಹೇಳುವುದಿಲ್ಲ."

ಅವರು ಅವಳನ್ನೇ ನೋಡಿದರು. ಕಾಗದ ಮಡಚಿಕೊಂಡು ಎದ್ದರು. ನನಗೆ ಒಂದು ಕ್ಷಣ ಪಾಪ ಎನಿಸಿತು. ಅಪ್ಪೆಗೆ ಅನಿಸಲಿಲ್ಲ. ಅವಳು ಆ ತಟ್ಟೆಯನ್ನು ತೊಳೆದು, ಅದರಲ್ಲೇ ತನಗೆ ಬಡಿಸಿಕೊಂಡಳು.

ಮೂರು ವಾರದಲ್ಲಿ ಸುದ್ದಿ ಬಂತು. ಕೊರಗರ ಮನೆಯಲ್ಲಿ ಉಂಡವರು ಗಡಿಗೆ ಸಲ್ಲುವುದಿಲ್ಲ ಎಂದು ಗುತ್ತಿನಲ್ಲಿ ಕೂಟ ಸೇರಿ ತೀರ್ಮಾನ ಮಾಡಿದರಂತೆ. ದೈವದ ಕತ್ತಿ, ಬಳೆ ವಾಪಸು ತೆಗೆದುಕೊಂಡರಂತೆ. ಸಂಕ್ರಾಂತಿಯ ಊಟದಲ್ಲಿ ಪಂಕ್ತಿಯ ತಲೆಯಲ್ಲಿ ಕೂತಿದ್ದ ಮೇಷ್ಟ್ರನ್ನು ಎಬ್ಬಿಸಿ, ಎಲೆಯನ್ನು ಹೊರಗಿನ ಜಗಲಿಗೆ ಕೊಟ್ಟರಂತೆ. ಅವರು ಉಣ್ಣದೆ ಮನೆಗೆ ಹೋದರಂತೆ. ಗಡಿ ಜಿತೇಶನಿಗೆ ಬಂತು. ನಮ್ಮ ಕಡೆ ಮನೆತನದ ಹಕ್ಕು ಅಕ್ಕನ ಮಗನಿಗೇ ಅಲ್ಲವೇ. ಅವನೂ ಒಳ್ಳೆಯವನೇನಲ್ಲ. ಬೇಲಿ ಹಾಗೇ ಉಂಟು. ಅದರ ಮೇಲೆ ನಾನು ಕೇಸು ಹಾಕಿದ್ದೇನೆ, ಕೋರ್ಟಿಗೆ ಹೋಗುತ್ತಿದ್ದೇನೆ.

ಸುದ್ದಿ ತಂದ ದಿನ ಅಪ್ಪೆ ಅಂಗಳದಲ್ಲಿ ಬುಟ್ಟಿಯ ಬಾಯಿ ಕಟ್ಟುತ್ತಿದ್ದಳು. ನಾನು ಕೂತು ಎಲ್ಲ ಹೇಳಿದೆ.

"ಮೇಷ್ಟ್ರು ಉಣ್ಣುವಾಗ ಜಿತೇಶ್ ತಿರುಗಿ ನೋಡಿದ್ದು ನನಗೆ ಗೊತ್ತಾಗಲಿಲ್ಲ," ಎಂದೆ. "ನಿನಗೆ ಗೊತ್ತಿತ್ತಾ?"

ಅಪ್ಪೆ ಬಳ್ಳಿಯ ತುದಿಯನ್ನು ಹಲ್ಲಿನಲ್ಲಿ ಹಿಡಿದು ಬಿಗಿದಳು.

"ಅವನು ನೋಡಲಿ ಅಂತಲೇ ಬಾಗಿಲು ತೆರೆದಿಟ್ಟದ್ದು."